ಮನೆದೇವರೇ ಪಾಸ್‌ವರ್ಡ್ ಆಗಿದ್ದ ದಿನಗಳು

ರೋಣದ ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಈಗಲೂ ಕೆಲವರು ‘ವೈರಸ್ ಅಕ್ಕಾರು’ ಎಂದೇ ಕರೆಯುತ್ತಾರೆ. ಮೊದಮೊದಲು ಸಿಟ್ಟು ಬರುತ್ತಿತ್ತು, ಆಮೇಲೆ ರೂಢಿಯಾಯಿತು. ಅದಕ್ಕೂ ಹಿಂದೆ ನಾನು ಟೈಪಿಂಗ್ ಅಕ್ಕಾರು. ಈ ಕಡೆಯ ಸೊಸೈಟಿ, ಗಿರಣಿ, ದವಾಖಾನೆಗಳಲ್ಲಿ ಕಂಪ್ಯೂಟರ್ ಮುಂದೆ ಕೂತವರಲ್ಲಿ ಬಹಳ ಜನ ನನ್ನ ಕೈಯಲ್ಲಿ ಬೈಸಿಕೊಂಡು ಕಲಿತವರು. ಹುಬ್ಬಳ್ಳಿಯ ಕಂಪನಿಯವರು ನನ್ನನ್ನು ಕೆಲಸಕ್ಕೆ ಕರೆದದ್ದೂ ಆ ಕಾರಣಕ್ಕೇ. ಕಂಪ್ಯೂಟರ್ ಬಲ್ಲವರು ಅವರ ಹತ್ತಿರ ಸಾಕಷ್ಟಿದ್ದರು. ಗಜೇಂದ್ರಗಡದ ಗುಮಾಸ್ತನಿಗೆ ನಿಂತು ಬೈಯುವವರು ಬೇಕಾಗಿತ್ತು.

ಈಗ ನಿವೃತ್ತಳಾಗಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರು ಸರ್ಟಿಫಿಕೇಟುಗಳ ಹೆಸರು ಹೇಳುವುದನ್ನು ಕೇಳಿದರೆ ನನಗೆ ತಲೆ ಗಿರ್ರೆನ್ನುತ್ತದೆ. ಅವರು ಓದಿದ್ದು ನನಗೆ ತಿಳಿಯದು, ಒಪ್ಪುತ್ತೇನೆ. ಆದರೆ ಕೆಲಸ ಹೇಗಿತ್ತು ಎನ್ನುವುದು ಯಾವ ಪುಸ್ತಕದಲ್ಲೂ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಕೆಲಸ ಇಷ್ಟೇ. ಒಬ್ಬೊಬ್ಬರೇ ಕಾವಲುಗಾರನನ್ನು ಇಟ್ಟುಕೊಳ್ಳಲು ಆಗದ ರೈತರು ನಾಲ್ಕು ಹೊಲದವರು ಸೇರಿ ಒಬ್ಬನನ್ನು ಇಟ್ಟುಕೊಳ್ಳುವುದಿಲ್ಲವೇ, ಹಾಗೆ. ಸಣ್ಣ ದವಾಖಾನೆಗಳು, ನೇಕಾರರ ಸೊಸೈಟಿ, ಹತ್ತಿ ಗಿರಣಿಗಳು ತಮ್ಮ ಕಂಪ್ಯೂಟರುಗಳನ್ನು ಕಾಯಲು ನಮ್ಮ ಕಂಪನಿಗೆ ಒಪ್ಪಿಸಿದ್ದವು. ಹುಬ್ಬಳ್ಳಿಯ ಒಂದು ಕೋಣೆಯಲ್ಲಿ ಪಾಳಿಯ ಮೇಲೆ ಕೂತವರು ಎಲ್ಲರ ಮಷಿನ್ನುಗಳನ್ನೂ ಪರದೆಯ ಮೇಲೆ ನೋಡುತ್ತಿದ್ದರು. ಯಾರು ಬಂದರು, ಯಾರು ಹೋದರು, ಯಾರು ಏನು ಹೊತ್ತುಕೊಂಡು ಹೋದರು ಎಂಬುದೆಲ್ಲ ಅಲ್ಲಿ ತಿಳಿಯುತ್ತಿತ್ತು. ಏನಾದರೂ ವಿಚಿತ್ರ ಕಂಡರೆ ನನಗೆ ಫೋನು. ನಾನು ಬಸ್ಸು ಹತ್ತಿ ಹೋಗಿ, ಅದು ಕಳ್ಳನೋ ಮನೆಯ ಬೆಕ್ಕೋ ನೋಡಿ ಹೇಳಬೇಕು. ಬಹಳ ಸಲ ಬೆಕ್ಕೇ ಆಗಿರುತ್ತಿತ್ತು.

ನನ್ನ ಮೇಲಿನವರು ದೇಶಪಾಂಡೆ ಸಾಹೇಬರು. ಫೋನೆತ್ತಿದರೆ ಹಲೋ ಎನ್ನುವವರಲ್ಲ. “ಹೇಳ್ರಿ, ಏನ ಸುಟ್ಟತು?” ಎನ್ನುವುದೇ ಅವರ ನಮಸ್ಕಾರ. ಎಂಥ ಗಂಡಾಂತರದಲ್ಲೂ ದನಿ ಏರಿಸಿದ್ದು ನಾನು ಕೇಳಿಲ್ಲ. ಸಿಟ್ಟು ಮಾಡುವ ಕೆಲಸವನ್ನೆಲ್ಲ ನನಗೆ ಬಿಟ್ಟಿದ್ದರು.

ಒಂದು ಶ್ರಾವಣದಲ್ಲಿ ಅವರಿಂದ ಫೋನು ಬಂತು. ಗಜೇಂದ್ರಗಡದ ಸೊಸೈಟಿಯಲ್ಲಿ ಯಾರೋ ದಿನಾ ಕೋಳಿ ಕೂಗುವ ಹೊತ್ತಿಗೆ ಮಷಿನ್ನಿನ ಒಳಗೆ ಬರುತ್ತಿದ್ದಾರೆ, ಸೀರೆಯ ಡಿಸೈನ್‌ಗಳನ್ನು ತೆರೆದು ನೋಡುತ್ತಿದ್ದಾರೆ, ಇದು ಹೊರದೇಶದ ವೇಳೆಗೆ ಸರಿಹೊಂದುತ್ತದೆ ಎಂದು ಹುಬ್ಬಳ್ಳಿಯವರ ಲೆಕ್ಕಾಚಾರ. ನಾನು ಮೊದಲ ಬಸ್ಸಿಗೆ ಹೋದೆ. ಸೊಸೈಟಿಯ ಬಾಗಿಲು ತೆರೆದಿತ್ತು. ಗುಮಾಸ್ತ ಸ್ನಾನ ಮಾಡಿ, ವಿಭೂತಿ ಹಚ್ಚಿ, ಕಂಪ್ಯೂಟರಿಗೆ ಊದಿನಕಡ್ಡಿ ಬೆಳಗುತ್ತಿದ್ದ.

“ಏನೋ ಇದು?” ಎಂದೆ.

“ಶ್ರಾವಣ ಅಲ್ರಿ ಅಕ್ಕಾರ, ತಿಂಗಳ ಪೂರಾ ಲಗೂ ಎದ್ದು ಪೂಜಿ ಮಾಡಿ ಕೆಲಸ ಸುರು ಮಾಡತೀನಂತ ಹರಕಿ ಹೊತ್ತೀನ್ರಿ.”

ಹೊರದೇಶದ ಕಳ್ಳ ಸಿಕ್ಕಿದ ಎಂದು ಹುಬ್ಬಳ್ಳಿಗೆ ಹೇಳಿದೆ. ದೇಶಪಾಂಡೆಯವರು ಶ್ರಾವಣ ಯಾವತ್ತು ಮುಗಿಯುತ್ತದೆ ಎಂದು ಕೇಳಿದರು. ಆಮೇಲೆ ಆ ಕೋಣೆಯ ಗೋಡೆಗೆ ನಮ್ಮ ಕಡೆಯ ಪಂಚಾಂಗವೊಂದನ್ನು ತೂಗುಹಾಕಿಸಿದರು. ನಗಬೇಡಿ, ಅದು ಬಹಳ ಉಪಯೋಗಕ್ಕೆ ಬಂತು.

ನರಗುಂದದ ಹತ್ತಿ ಗಿರಣಿಯಲ್ಲಿ ಇನ್ನೊಂದು ನಡೆಯಿತು. ಗಿರಣಿಗೆ ಬಹಳ ವರ್ಷದಿಂದ ಹತ್ತಿ ಕೊಡುವ ವ್ಯಾಪಾರಿಯ ಹೆಸರಿನಲ್ಲಿ ಮೇಲ್ ಬಂದಿತ್ತು, ಬ್ಯಾಂಕಿನ ಖಾತೆ ಬದಲಾಗಿದೆ, ಇನ್ನು ಮುಂದೆ ಇದಕ್ಕೆ ಹಾಕಿ ಎಂದು. ಲೆಕ್ಕ ನೋಡುವ ಮುದುಕ ಅದನ್ನು ಓದಿ, “ಖರೇನೋ ಸುಳ್ಳೋ, ದನಿ ಕೇಳೂಣು” ಎಂದು ವ್ಯಾಪಾರಿಗೆ ಫೋನು ಮಾಡಿದ. ಮೋಸ ಅಲ್ಲಿಗೇ ನಿಂತಿತು. ಮುಂದೆ ಹಲವು ವರ್ಷ ನಾನು ಎಲ್ಲ ಕಡೆಯೂ ಇದನ್ನೇ ಹೇಳುತ್ತಿದ್ದೆ, ದನಿ ಕೇಳಿರಿ ಎಂದು. ಈಗ ದನಿಯನ್ನೂ ನಕಲು ಮಾಡುತ್ತಾರಂತೆ. ಹೀಗಾಗಿ ನಾನು ಹೇಳಿದ್ದರಲ್ಲಿ ಅರ್ಧ ಈಗಾಗಲೇ ಹಳಸಿದೆ, ನೀವು ನೋಡಿಕೊಂಡು ನಡೆಯಿರಿ.

ನಮ್ಮ ದೊಡ್ಡ ತಲೆನೋವು ಪಾಸ್‌ವರ್ಡ್. ಈ ಮೂರೂ ಊರುಗಳಲ್ಲಿ ನಾನು ನೋಡಿದಷ್ಟು ಕಡೆ ಪಾಸ್‌ವರ್ಡ್ ಎಂದರೆ ಮನೆದೇವರು. ವೀರಭದ್ರ, ಎಲ್ಲಮ್ಮ, ಗಜೇಂದ್ರಗಡದ ಕಡೆಯಾದರೆ ಕಾಲಕಾಲೇಶ್ವರ, ಮುಂದೆ ಒಂದು ಎರಡು ಮೂರು. ಬೆಳಿಗ್ಗೆ ಮೊದಲು ಬೆರಳಿನಿಂದ ದೇವರ ಹೆಸರು ಬಿದ್ದರೆ ದಿನ ಚಲೋ ಹೋಗುತ್ತದೆ ಎಂಬ ನಂಬಿಕೆ. ಬದಲಿಸಿರಿ ಎಂದರೆ ನನ್ನನ್ನೇ ನಾಸ್ತಿಕಳನ್ನು ನೋಡಿದಂತೆ ನೋಡುತ್ತಿದ್ದರು.

ರೋಣದಲ್ಲಿ ಎದೆರೋಗದ ಡಾಕ್ಟರು ಹೊಸಮನಿಯವರ ದವಾಖಾನೆ ನಮ್ಮ ಕಾವಲಿನಲ್ಲಿತ್ತು. ಅಲ್ಲಿ ಚೀಟಿ ಬರೆಯುವ ಬಸಮ್ಮ ನನ್ನ ಶಿಷ್ಯೆ. ಅವಳಿಗೆ ಹೇಳಿದೆ, ಒಂದಕ್ಕೊಂದು ಸಂಬಂಧ ಇಲ್ಲದ ನಾಲ್ಕು ಸಾಮಾನುಗಳ ಹೆಸರು ಜೋಡಿಸು, ಎಮ್ಮೆ, ಛತ್ರಿ, ಗಡಿಯಾರ, ಹಪ್ಪಳ, ಹೀಗೆ ಏನಾದರೂ.

“ಅಕ್ಕಾರ, ದೇವರನ್ನ ತಗದು ಎಮ್ಮಿ ಕುಂದರಸು ಅಂತೀರಲ್ರಿ, ಪಾಪ ಹತ್ತೂದಿಲ್ಲೇನ್ರಿ?”

“ಪಾಪ ನನಗ ಹತ್ತಲಿ, ನೀ ಬದಲಿ ಮಾಡು.”

“ಹೂಂ ರಿ,” ಎಂದಳು. ಮಾಡಲಿಲ್ಲ. ಪಾಸ್‌ವರ್ಡ್ ಒತ್ತಿದ ಮೇಲೆ ಫೋನಿಗೆ ಬರುವ ಎರಡನೆಯ ನಂಬರನ್ನಾದರೂ, ಅದೇ ಒಟಿಪಿಯನ್ನು, ಹಾಕಿಸೋಣ ಎಂದರೆ ಡಾಕ್ಟರು ಒಪ್ಪಲಿಲ್ಲ. ರೋಗಿ ಎದುರಿಗೆ ಉಸಿರಿಗೆ ಒದ್ದಾಡುತ್ತಿರುವಾಗ ನಂಬರಿಗಾಗಿ ಕಾಯುತ್ತಾ ಕೂಡುವುದೇ ಎಂದರು. ಅವರ ಮಾತಿನಲ್ಲೂ ಹುರುಳಿತ್ತು. ಈ ಕೆಲಸದಲ್ಲಿ ನಿಮಗೆ ಎದುರಾಡುವವರು ಯಾವಾಗಲೂ ಮೂರ್ಖರಾಗಿರುವುದಿಲ್ಲ, ಅದೇ ಕಷ್ಟ.

ಒಂದು ದಿನ ಬಸಮ್ಮನಿಗೆ ಫೋನು ಬಂತು. ಹುಬ್ಬಳ್ಳಿ ಕಂಪನಿಯಿಂದ ಮಾತಾಡುತ್ತಿದ್ದೇನೆ, ಮಷಿನ್ ಪರೀಕ್ಷೆ ಮಾಡಬೇಕು ಎಂದ ಆ ಮನುಷ್ಯ. ಅಪ್ಪಟ ನಮ್ಮ ಕಡೆಯ ಮಾತು. ಪಾಸ್‌ವರ್ಡ್ ಕೇಳಲಿಲ್ಲ, ಕೇಳಿದ್ದರೆ ಅವಳು ಕೊಡುತ್ತಿರಲಿಲ್ಲ, ಅಷ್ಟು ನಾನು ತಲೆಗೆ ತುಂಬಿದ್ದೆ. ಆತ ಸುಮ್ಮನೆ ಮಾತಿಗೆಳೆದ. ಯಾವ ಊರು, ಯಾರ ಪೈಕಿ, ಮನೆದೇವರು ಯಾವುದು. ನಮ್ಮ ಕಡೆ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರೂ ಕೇಳುವ ಮಾತು. ಬಸಮ್ಮನ ತಮ್ಮನಿಗೆ ಆಗ ಹೆಣ್ಣು ನೋಡುತ್ತಿದ್ದರು. ಒಳ್ಳೆಯ ಮನೆತನದವನಿರಬೇಕು, ಸಂಬಂಧ ಕೂಡಿಬಂದರೂ ಬಂತು ಎಂದುಕೊಂಡು ಇವಳು ಎಲ್ಲವನ್ನೂ ಹೇಳಿದಳು.

ಆ ಭಾನುವಾರ ದವಾಖಾನೆಗೆ ರಜೆ ಇದ್ದಾಗ ಯಾರೋ ಬಸಮ್ಮನ ಹೆಸರಿನಲ್ಲಿ ಒಳಗೆ ಬಂದು ರೋಗಿಗಳ ಕಡತಗಳನ್ನು ಗೋಣಿಗಟ್ಟಲೆ ಹೊರಗೆ ಸಾಗಿಸತೊಡಗಿದರು. ಹುಬ್ಬಳ್ಳಿಯವರು ಕಂಡ ಕೂಡಲೇ ದಾರಿ ಕಟ್ಟಿದರು. ಅಷ್ಟರಲ್ಲಿ ಬಹಳ ಹೋಗಿತ್ತು. ನಾನು ಹೋಗಿ ಎಲ್ಲ ಪಾಸ್‌ವರ್ಡ್ ಬದಲಿಸಿದೆ, ಎರಡನೆಯ ನಂಬರನ್ನೂ ಹಾಕಿಸಿದೆ. ಈ ಸಲ ಯಾರೂ ತಕರಾರು ಮಾಡಲಿಲ್ಲ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎನ್ನುತ್ತಾರಲ್ಲ, ಅದನ್ನು ನಾನು ಕೈಯಾರೆ ಮಾಡಿದ್ದೇನೆ. ಬಸಮ್ಮ ಮೂಲೆಯಲ್ಲಿ ಕೂತು ಅಳುತ್ತಿದ್ದಳು. ಬೈಯಬೇಕೆಂದು ಹೋದವಳಿಗೆ ಬಾಯಿ ಬರಲಿಲ್ಲ.

ಗದಗದ ಪೊಲೀಸರಿಗೆ ದೂರು ಕೊಟ್ಟದ್ದಾಯಿತು. ಉಳಿದದ್ದು ಒಂದೇ ಪ್ರಶ್ನೆ. ಯಾರ ಕಡತ ಹೋಗಿದೆಯೋ ಅವರಿಗೆ ಹೇಳಬೇಕೋ ಬೇಡವೋ.

“ಹೇಳಬೇಕ್ರಿ,” ಎಂದೆ ಡಾಕ್ಟರಿಗೆ.

“ಹೇಳಿದ ಮ್ಯಾಲೆ ನನ್ನ ದವಾಖಾನಿ ಮೆಟ್ಟಲಾ ಯಾರ ಹತ್ತತಾರ್ರಿ? ಟಿ.ಬಿ. ಆದವರು ಮುಖಕ್ಕ ಬಟ್ಟಿ ಕಟ್ಟಕೊಂಡು ಕದ್ದ ಬರತಾರ. ಅವರು ಬರೂದ ನಿಂತ್ರ ಔಷಧ ಅರ್ಧಕ್ಕ ನಿಲ್ಲತೈತಿ. ಅದನ್ನರ ವಿಚಾರ ಮಾಡ್ರಿ.”

ದೇಶಪಾಂಡೆಯವರಿಗೆ ಫೋನು ಮಾಡಿದೆ. “ನಮ್ಮ ಗಿರಾಕಿ ಡಾಕ್ಟರು, ರೋಗಿಗಳಲ್ಲ,” ಎಂದರು. “ಅವರು ಹೇಳಾಕ ಒಪ್ಪೂತನಕ ನೀವು ಯಾರಿಗೂ ಒಂದ ಮಾತ ಆಡಬ್ಯಾಡ್ರಿ.”

ನನಗೆ ಮೈಯೆಲ್ಲ ಉರಿಯಿತು. ಕಡತ ಬರೆದದ್ದು ಡಾಕ್ಟರು ಇರಬಹುದು, ಕೆಮ್ಮಿದ್ದು ಅವರಲ್ಲವಲ್ಲ. ಹಾಗೆಂದು ಸಾಹೇಬರಿಗೆ ಅಂದೇಬಿಟ್ಟೆ. ಅವರು ಸಿಟ್ಟಾಗಲಿಲ್ಲ, ಸುಮ್ಮನೆ ಫೋನಿಟ್ಟರು.

ಕೆಲವು ದಿನಗಳ ಮೇಲೆ ನಾನು ಆ ದವಾಖಾನೆಯಲ್ಲಿ ಮಷಿನ್ ನೋಡುತ್ತಿದ್ದಾಗ ಗಜೇಂದ್ರಗಡದಿಂದ ತಾಯಿ ಮಗಳು ಬಂದರು. ಮಗಳು ರೇಖಾ, ತಾಯಿ ಶಾಂತವ್ವ. ಮನೆಯಲ್ಲೇ ಮಗ್ಗ, ಇಬ್ಬರೂ ಸೀರೆ ನೇಯುವವರು. ಹುಡುಗಿ ಡಾಕ್ಟರ ಮುಂದೆ ತನ್ನ ಫೋನನ್ನು ಇಟ್ಟಳು. ಗುರುತಿಲ್ಲದ ನಂಬರಿನಿಂದ ಬಂದ ಸಂದೇಶ. ನಿನಗೆ ಟಿ.ಬಿ. ಇದ್ದ ಕಾಗದ ನಮ್ಮ ಹತ್ತಿರ ಇದೆ, ರೊಕ್ಕ ಹಾಕು, ಇಲ್ಲವಾದರೆ ನಿನ್ನ ಊರಿಗೂ ನೆಂಟರಿಗೂ ಹೋಗುತ್ತದೆ. ಕೆಳಗೆ ಕಾಗದದ ಚಿತ್ರ, ಡಾಕ್ಟರ ಸಹಿ ಸಮೇತ.

ಶಾಂತವ್ವ ನೆಲದ ಮೇಲೆ ಕೂತುಬಿಟ್ಟಳು. “ಸಾಹೇಬ್ರ, ನರಗುಂದದ ಸಂಬಂಧ ಕೂಡೇತ್ರಿ. ಬರೂ ವಾರ ಮಾತುಕತಿಗೆ ಬರಾವ್ರದಾರ. ಮದ್ಲ ಒಂದ ಸಂಬಂಧ ಇದ ಕೆಮ್ಮಿನ ಸುದ್ದಿ ಕೇಳಿ ಮುರದೈತಿ. ಇದೂ ಮುರದ್ರ ಈಕಿ ಕುತ್ತಿಗಿಗೆ ತಾಳಿ ಬೀಳೂದಿಲ್ರಿ.”

“ಈಕಿಗೆ ಆರಾಮಾಗಿ ವರ್ಷಗಟ್ಟಲೆ ಆತಲ್ಲವಾ,” ಎಂದರು ಡಾಕ್ಟರು. “ಯಾರಿಗೂ ಹತ್ತೂದಿಲ್ಲ, ಏನೂ ಇಲ್ಲ.”

“ಅದು ನಿಮಗ ಗೊತ್ರಿ. ನರಗುಂದದಾವ್ರಿಗೆ ಗೊತ್ತಿಲ್ಲ.”

ಡಾಕ್ಟರು ಬಹಳ ಹೊತ್ತು ಆ ಫೋನಿನಲ್ಲಿದ್ದ ತಮ್ಮ ಸಹಿಯನ್ನೇ ನೋಡುತ್ತ ಕೂತರು. ಆಮೇಲೆ ನನ್ನ ಕಡೆ ತಿರುಗಿ, “ಅಕ್ಕಾರ, ಎಲ್ಲಾರಿಗೂ ಹೇಳೂಣು. ನಾನ ಹೇಳತೀನಿ,” ಎಂದರು. ಇದನ್ನು ದೇಶಪಾಂಡೆಯವರಿಗೆ ತಿಳಿಸಿದಾಗ ಅವರೆಂದರು, “ಚಲೋ ಆತು. ಬ್ಯಾಡ ಅಂದದ್ದು ಕಂಪನಿ ಮಾತು. ನನ್ನ ಮಾತ ಕೇಳಿದ್ರ ಹೂಂ ಅಂತಿದ್ದೆ.” ಇಂಥ ಮನುಷ್ಯನ ಮೇಲೆ ಸಿಟ್ಟು ಇಟ್ಟುಕೊಳ್ಳುವುದು ಹೇಗೆ?

ಹೇಳುವುದೂ ಸುಲಭವಾಗಿರಲಿಲ್ಲ. ನಮ್ಮ ಕಡೆ ಎಷ್ಟೋ ಮನೆಗೆ ಫೋನು ಒಂದೇ. ಹೆಂಡತಿಯ ಗುಟ್ಟಿನ ವಿಷಯಕ್ಕೆ ಫೋನು ಮಾಡಿದರೆ ಗಂಡ ಎತ್ತುತ್ತಾನೆ. ಎದೆರೋಗದ ದವಾಖಾನೆಯಿಂದ ಎಂದರೆ ಸಾಕು, ಕಳ್ಳನಿಗಿಂತ ಮೊದಲು ನಾವೇ ಗುಟ್ಟು ಬಿಟ್ಟಂತೆ. ಬೇಲಿಯೇ ಎದ್ದು ಹೊಲ ಮೇಯ್ದ ಕತೆ. ಅದಕ್ಕೇ ನಾನು ಒಂದು ಕಟ್ಟಳೆ ಮಾಡಿದೆ. ರೋಗಿಯೇ ಎತ್ತಿದರೆ ಡಾಕ್ಟರು ವಿಷಯ ಹೇಳಬೇಕು. ಬೇರೆಯವರು ಎತ್ತಿದರೆ ಬಸಮ್ಮ ‘ರೋಣದಿಂದ ಬಸಮ್ಮ, ತಿರುಗಿ ಫೋನ್ ಮಾಡಾಕ ಹೇಳ್ರಿ’ ಎಂದಷ್ಟೇ ಹೇಳಿ ಇಡಬೇಕು. ಹೆಸರುಗಳನ್ನು ಅವರಿಬ್ಬರೇ ನೋಡಿದರು. ನಾನು ನೋಡಲಿಲ್ಲ. ಬಾಗಿಲು ಕಾಯುವವಳು ಒಳಗಿನ ಗಂಟು ಬಿಚ್ಚಬಾರದು, ಇದನ್ನು ಮಾತ್ರ ನೀವು ಎಂದೂ ಮರೆಯಬೇಡಿ. ಬಹಳ ಜನ ಬೈದರು, ಕೆಲವರು ಅತ್ತರು, ಒಬ್ಬ ಮುದುಕ ‘ನನ್ನ ಕೆಮ್ಮು ಊರಿಗೇ ಗೊತ್ತೈತಿ, ಬಿಡ್ರಿ’ ಎಂದನಂತೆ. ಔಷಧ ನಿಲ್ಲಿಸಿದವರು ಯಾರೂ ಇಲ್ಲ ಎಂದು ಡಾಕ್ಟರು ಆಮೇಲೆ ನನಗೆ ಹೇಳಿದರು.

ರೇಖಾ ಆ ವಾರವೇ ಮತ್ತೊಮ್ಮೆ ಬಂದಳು. ಒಬ್ಬಳೇ ಬಂದಿದ್ದಳು.

“ಅಕ್ಕಾರ, ರೊಕ್ಕ ಹಾಕಿದ್ರ ಬಿಡತಾನೇನ್ರಿ ಅಂವಾ?”

“ಬಿಡೂದಿಲ್ಲವಾ. ಇಂದ ಹಾಕಿದ್ರ ನಾಳೆ ಮತ್ತ ಕೇಳತಾನ.”

“ನಾನ ಮದ್ಲ ಹೇಳಿಬಿಟ್ರ ಅವನ ಕೈಯಾಗ ಏನ ಉಳೀತೈತ್ರಿ?”

ಹೇಳು ಎನ್ನುವುದು ಸುಲಭ, ಮುರಿದರೆ ಮುರಿಯುವುದು ಅವಳ ಮದುವೆ.

“ನೀವೂ ಬರ್ರಿ,” ಎಂದಳು. “ಕಾಗದ ಕಳುವಾಗಿದ್ದು ಖರೇ ಅಂತ ಹೇಳಾಕ ಒಬ್ರು ಬೇಕು.”

ಹೋದೆ. ಗಜೇಂದ್ರಗಡದ ಆ ಮನೆಯ ಪಡಸಾಲೆಯಲ್ಲಿ ಜಮಖಾನೆ ಹಾಸಿ ಗಂಡಸರು ಕೂತಿದ್ದರು. ಹುಡುಗನ ತಂದೆ ಮಲ್ಲಪ್ಪ, ಹುಡುಗ, ಇಬ್ಬರು ಹಿರಿಯರು. ಈಚೆ ಮಗ್ಗದ ಪಕ್ಕ ಹುಡುಗನ ತಾಯಿ ನೀಲವ್ವ ಮತ್ತು ಮಲ್ಲಪ್ಪನ ಅಕ್ಕ. ಮನೆದೇವರು, ಬಳಗ ಎಲ್ಲ ಕೇಳಿ ಮುಗಿದಿತ್ತು. ಊಟಕ್ಕೆ ತಾಟು ಇಡುತ್ತಿದ್ದರು. ರೇಖಾ ಚರಿಗೆಯನ್ನು ಕೆಳಗಿಟ್ಟು ನಡುಮನೆಯ ಹೊಸ್ತಿಲಲ್ಲಿ ನಿಂತಳು. ಶಾಂತವ್ವ ಅಡುಗೆಮನೆಯಿಂದ ಬೇಡ ಬೇಡ ಎಂದು ಕೈ ಆಡಿಸುತ್ತಿದ್ದದ್ದು ನನಗೆ ಕಾಣುತ್ತಿತ್ತು.

“ಉಣ್ಣೂಕಿಂತ ಮದ್ಲ ಒಂದ ಮಾತ ಹೇಳಬೇಕ್ರಿ,” ಎಂದಳು. “ನನಗ ಹಿಂದಕ ಟಿ.ಬಿ. ಆಗಿತ್ತು. ರೋಣದ ದವಾಖಾನ್ಯಾಗ ಔಷಧ ಪೂರಾ ಮಾಡೀನಿ, ಈಗ ಏನೂ ಇಲ್ಲ. ನನ್ನ ಕಾಗದ ಯಾರೋ ಕದ್ದು, ನಿಮಗ ಕಳಸತೀನಂತ ಹೆದರಸಾಕ ಹತ್ಯಾರ. ಅವನ ಕಡಿಂದ ಕೇಳೂಕಿಂತ ನನ್ನ ಬಾಯಿಂದ ಕೇಳ್ರಿ ಅಂತ ಹೇಳೀನಿ.”

ಮಲ್ಲಪ್ಪ ನನ್ನ ಕಡೆ ನೋಡಿದ. “ರೋಗದ ಮಾತ ಡಾಕ್ಟರು ಹೇಳಬೇಕ್ರಿ, ನಾ ಕಂಪ್ಯೂಟರ ಕಾಯಾಕಿ,” ಎಂದೆ. “ಆದ್ರ ಕಳುವಾಗಿದ್ದು ಖರೇ. ಈಕಿ ಹೇಳಿದ್ದೂ ಖರೇ.”

ಮಲ್ಲಪ್ಪನ ಅಕ್ಕ ಮೆಲ್ಲಗೆ ಸೆರಗನ್ನು ಮೂಗಿಗೆ ಹಿಡಿದಳು. ರೇಖಾ ಅದನ್ನು ನೋಡಿದಳು, ನಾನೂ ನೋಡಿದೆ. ಮುಗಿಯಿತು ಎಂದುಕೊಂಡೆ.

ನೀಲವ್ವನೂ ಅದನ್ನು ನೋಡಿದ್ದಳು. ಸೊಂಟದ ಚೀಲದಿಂದ ಫೋನು ತೆಗೆದು, ತಡಕಾಡಿ, ಅದನ್ನು ಗಂಡನ ಕಡೆ ಚಾಚಿದಳು.

“ನನಗೂ ಬಂದೈತ್ರಿ ಇದು.”

“ಯಾರ ಕಾಗದ?” ಎಂದ ಮಲ್ಲಪ್ಪ.

“ನಂದು. ನನಗೂ ಆಗಿತ್ತು. ಅಮಾಸಿಗೆ ಇಟಗಿ ಭೀಮವ್ವನ ಗುಡಿಗೆ ಹೊಕ್ಕೀನಂತ ನಿಮಗ ಹೇಳಿ ರೋಣಕ್ಕ ಹೋಗಿ ಗುಳಿಗಿ ತರತಿದ್ದೆ. ಮೊನ್ನೆ ರೋಣದಿಂದ ಬಸಮ್ಮ ಅಂತ ಯಾರೋ ಫೋನ್ ಮಾಡಿದ್ಲು, ನೀವ ಎತ್ತಿದ್ರಿ. ಯಾರಾಕಿ ಅಂದ್ರ ಗೆಳತಿ ಅಂದೆ. ತಿರಿಗಿ ಮಾಡಾಕ ಧೈರ್ಯ ಆಗಲಿಲ್ಲ.”

ಮಲ್ಲಪ್ಪ ಫೋನು ನೋಡಿದ, ಹೆಂಡತಿಯನ್ನು ನೋಡಿದ. “ಅದಕ್ಕ ಇಟಗಿಯಿಂದ ಒಮ್ಮೆರ ಪ್ರಸಾದ ತರಲಿಲ್ಲ ನೀ,” ಎಂದ. ಆಮೇಲೆ ಸಣ್ಣ ದನಿಯಲ್ಲಿ ಕೇಳಿದ, “ನನಗರ ಹೇಳಬೇಕಿಲ್ಲ?”

“ಹೇಳಿದ್ರ ನಿಮ್ಮ ಅವ್ವ ನನ್ನ ತಾಟ ಬ್ಯಾರೆ ಇಡತಿದ್ರು. ಹಿತ್ತಲದಾಗ ಕುಂತು ಉಣ್ಣಬೇಕಾಗತಿತ್ತು. ನೀವು ಅವ್ವನ ಎದುರು ಮಾತಾಡಾವ್ರಲ್ಲ.” ಅವಳು ರೇಖಾಳ ಕಡೆ ಕೈ ತೋರಿಸಿದಳು. “ನಾ ಇಷ್ಟ ವರ್ಷದಾಗ ಹೇಳಲಾರದ್ದನ್ನ ಈ ಹುಡುಗಿ ನಿಂತ ನಿಲವಿನ್ಯಾಗ ಹೇಳಿದ್ಲು.”

ಮಲ್ಲಪ್ಪನ ಅಕ್ಕನ ಕೈಯಿಂದ ಸೆರಗು ಯಾವಾಗ ಜಾರಿತೋ ನಾನು ನೋಡಲಿಲ್ಲ.

ಆ ಸಂದೇಶ ಕಳಿಸಿದವನು ಇಂದಿಗೂ ಸಿಕ್ಕಿಲ್ಲ. ಅವನು ಇಬ್ಬರ ಕಾಗದವನ್ನೂ ಇಟ್ಟುಕೊಂಡೇ ಇರಬಹುದು. ಇಟ್ಟುಕೊಳ್ಳಲಿ. ನಾನು ಇಡೀ ವೃತ್ತಿಯಲ್ಲಿ ಬಹಳ ಬಾಗಿಲುಗಳನ್ನು ಭದ್ರ ಮಾಡಿದ್ದೇನೆ, ಆದರೆ ಕಳುವಾದ ಮಾಲು ಕಳ್ಳನ ಕೈಯಲ್ಲೇ ಕಸವಾದದ್ದನ್ನು ನೋಡಿದ್ದು ಅಂದು ಆ ಮನೆಯಲ್ಲಿ ಮಾತ್ರ.

ಶಾಂತವ್ವ ಕಣ್ಣೊರೆಸಿಕೊಂಡು ಬಂದು ರೊಟ್ಟಿ, ಎಣ್ಣೆಗಾಯಿ ಬಡಿಸಿದಳು. ರೇಖಾ ಹೊಸ್ತಿಲಲ್ಲೇ ನಿಂತಿದ್ದಳು, ಒಳಗೆ ಹೋಗಬೇಕೋ ಹೊರಗೆ ಬರಬೇಕೋ ತಿಳಿಯದೆ. ನೀಲವ್ವ ತನ್ನ ತಾಟನ್ನು ಸ್ವಲ್ಪ ಮುಂದಕ್ಕೆ ಸರಿಸಿದಳು.

“ಬಾ ಇಲ್ಲಿ. ನನ್ನ ತಾಟಿನ್ಯಾಗ ಉಣ್ಣು.”

ಹುಡುಗಿ ಬಂದು ಕೂತಳು. ಇಬ್ಬರೂ ಒಂದೇ ರೊಟ್ಟಿ ಮುರಿದರು. ಆಗ ಗಂಡಸರ ಸಾಲಿನಿಂದ ಮಲ್ಲಪ್ಪ ಎದ್ದ. ಹೊರಗೆ ಹೊರಟ ಎಂದುಕೊಂಡೆ. ಅವನು ತನ್ನ ತಾಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮಗ್ಗದ ಕಡೆಗೆ ಬಂದು, ಹೆಂಡತಿಯ ಪಕ್ಕದಲ್ಲಿ ಕೂತ.